ಸೋಮವಾರವಿಲ್ಲದ ವಹಿ

ಸೋಮವಾರ, 14 ಜುಲೈ 2025. ನೇಸರಗಿ.

ಆ ವಹಿಯನ್ನು ಕೈಬಿಡುವುದೆಂದು ನಿನ್ನೆಯೇ ತೀರ್ಮಾನಿಸಿಬಿಟ್ಟಿದ್ದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಚಚಡಿಯ ಲಕ್ಕಪ್ಪಜ್ಜ ತಮ್ಮ ಓಣಿಯವರ ಹೊಲಗಳ ಬಿತ್ತನೆಯ ದಿನಗಳನ್ನು ಮೂವತ್ತೊಂದು ವರ್ಷ ಅದರಲ್ಲಿ ಬರೆದಿಟ್ಟಿದ್ದಾರೆ. ಮಳೆ ತಡವಾಗುತ್ತ ಬಂದು ಬಿತ್ತನೆ ಹದಿನಾರು ದಿನ ಮುಂದೆ ಹೋಗಿದೆ. ಬೆಳೆವಿಮೆಯ ಕೊನೆಯ ದಿನಾಂಕ ಮಾತ್ರ ಕದಲಿಲ್ಲ. ಅದನ್ನು ಬದಲಿಸಿ ಎಂದು ಗುರುವಾರ ಕೃಷಿ ಅಧಿಕಾರಿಗಳ ಸಭೆಯಲ್ಲಿ ಕೇಳಲು ನನಗಿರುವ ಗಟ್ಟಿ ಆಧಾರ ಇದೊಂದೇ. ಆದರೆ ಕಂಪ್ಯೂಟರಿಗೆ ಹಾಕಿ ನೋಡಿದರೆ, ನಾನೂರು ದಿನಾಂಕಗಳಲ್ಲಿ ಒಂದೂ ಸೋಮವಾರವಿಲ್ಲ. ನಿಜದ ಬಿತ್ತನೆ ವಾರದ ಏಳೂ ದಿನಗಳಲ್ಲಿ ಬರಬೇಕಲ್ಲ, ಇದು ಕೂತಲ್ಲೇ ಬರೆದ ಸುಳ್ಳು ಅಂದುಕೊಂಡೆ.

ಇವತ್ತು ವಹಿ ಮರಳಿಸಲು ಚಚಡಿಗೆ ಹೋದೆ. ನೆಲ ಬಿತ್ತನೆಗೆ ಒಳ್ಳೆಯ ಹದವಾಗಿತ್ತು, ಆದರೂ ಎತ್ತುಗಳು ಅಂಗಳದಲ್ಲೇ ಮೆಲುಕು ಹಾಕುತ್ತಿದ್ದವು. ಬಿತ್ತಲು ಹೋಗಲಿಲ್ಲವೇ ಎಂದು ಅಜ್ಜನ ಹೆಂಡತಿ ರಾಮವ್ವನನ್ನು ಕೇಳಿದೆ.

"ಸೋಮವಾರ ಬಸವಣ್ಣನ ಹೆಗಲಿಗೆ ನೊಗಾ ಇಡತಾರೇನವ್ವಾ? ಇಷ್ಟ ಸಾಲಿ ಕಲತಿ, ಇದು ಗೊತ್ತಿಲ್ಲೇನು?"

ಸುಳ್ಳು ಬರೆಯುವವರಾಗಿದ್ದರೆ ವಾರದ ಏಳೂ ದಿನಗಳನ್ನು ತುಂಬಿಸುತ್ತಿದ್ದರು. ಇಲ್ಲದ ಆ ಸೋಮವಾರವೇ ವಹಿಗೆ ಸಾಕ್ಷಿ. ರಾಮವ್ವನ ಆ ಬೈಗುಳಕ್ಕೆ ಕೈ ಮುಗಿಯಬೇಕು. ವಹಿ ಯಾಕೆ ಮರಳಿ ತಂದೆ ಎಂದು ಲಕ್ಕಪ್ಪಜ್ಜ ಕೇಳಲೂ ಇಲ್ಲ. "ಬೇಕಿದ್ರ ಇನ್ನೂ ಇಟಗೋ ಸಂಘಮಿತ್ರಾ. ಚಾ ಕುಡದು ಹೋಗು."

ನನ್ನ ಸ್ವಂತ ಅಜ್ಜ ಪರಪ್ಪ ಬೇರೆಯವರ ಹೊಲದಲ್ಲಿ ಎತ್ತು ಹೊಡೆದವನು. ವಾರಕ್ಕೊಂದು ದಿನ ಮನೆಯಲ್ಲಿದ್ದು ನನ್ನ ಜಡೆ ಹಾಕುತ್ತಿದ್ದ. ಅದು ಯಾವ ದಿನವೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.