ಭಾವನವರ ದೋಣಿ

ಬಂದರಿನ ಹಿಂದಿನ ಓಣಿ,
ಹದಿನೇಳನೇ ತಾರೀಖು, ಬುಧವಾರ ಸಂಜೆ

ಪ್ರೀತಿಯ ಯಜಮಾನರಿಗೆ,

ಅಂಗೈಯ ಸುಟ್ಟ ಗಾಯ ಮಾಯಿತೇ? ವೆಲ್ಡಿಂಗ್ ಮಾಡುವಾಗ ಕೈಗವಸು ಕಳಚಿಡುವ ನಿಮ್ಮ ಚಾಳಿ ನನಗೆ ಗೊತ್ತು. ಬೈಯಲು ಅಲ್ಲಿ ನಾನಿಲ್ಲವೆಂದು ಮೆರೆಯಬೇಡಿ. ಮಗಳ ಕೆಮ್ಮು ಇಳಿದಿದೆ. ಅಪ್ಪ ಯಾವಾಗ ಬರ್ತಾರೆ ಎಂದು ಕೇಳುತ್ತಿದ್ದವಳು ಈಗ ನಮ್ಮ ದೋಣಿ ಯಾವಾಗ ಬರುತ್ತೆ ಎನ್ನುತ್ತಾಳೆ. ನಾನು ಬರೆಯಬೇಕಾದದ್ದೂ ಅದನ್ನೇ. ಎರಡು ದಿನದಿಂದ ಪೆನ್ನು ತೆಗೆಯುತ್ತೇನೆ, ಇಡುತ್ತೇನೆ.

ಸೋಮವಾರ ನಿಮ್ಮಣ್ಣನ ದೋಣಿಯನ್ನು ನೋಡಿಬಂದೆ. ಕಂಡವರ ದೋಣಿಯಲ್ಲಿ ಬಲೆ ಎಳೆದದ್ದು ಸಾಕು, ಅಣ್ಣ ಹೇಗೂ ಮಾರುತ್ತಿದ್ದಾನೆ, ಮೊದಲ ಸ್ವಂತ ದೋಣಿ ಅವನದೇ ಆಗಲಿ ಎಂದು ನೀವು ಬರೆದಾಗ ನನಗೂ ಹಿಗ್ಗೇ. ಆದರೆ ದೋಣಿ ಕಟ್ಟುತ್ತಿದ್ದ ನಮ್ಮಪ್ಪ, "ಮನೆಯವರದ್ದೇ ಆದ್ರೂ ತಳ ನೋಡ್ದೆ ತಗೋಬೇಡ" ಎನ್ನುತ್ತಿದ್ದರಲ್ಲ, ಅದಕ್ಕೇ ಸುತ್ತಿಗೆಯನ್ನೂ ಬಲೆ ಹೊಲಿಯುವ ದಬ್ಬಳವನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ದೋಣಿಯನ್ನು ದಂಡೆಗೆ ಎಳೆದು ಹೊಸ ನೀಲಿ ಬಣ್ಣ ಹೊಡೆದಿದ್ದರು, ಮದುವಣಗಿತ್ತಿಯ ಹಾಗಿತ್ತು. ಎಂಜಿನ್ ಮುಟ್ಟಿದರೆ ಬೆಚ್ಚಗಿತ್ತು. ತಣ್ಣಗಿದ್ದಾಗ ಅದು ಎಷ್ಟು ಸತಾಯಿಸುತ್ತದೆಂದು ನನಗೆ ಕಾಣಬಾರದೆಂದೇ ಭಾವ ಮೊದಲೇ ಓಡಿಸಿ ಇಟ್ಟಿದ್ದರು. ಕಡ್ಡಿ ಅದ್ದಿ ತೆಗೆದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು, ಒಳಗೆ ನೀರು ಸೇರಿದೆ. ಅಷ್ಟಾದರೂ ಎಂಜಿನ್ ತಾನೇ, ಬಿಚ್ಚಿ ಕಟ್ಟಬಹುದು ಎಂದುಕೊಂಡೆ.

ಆಮೇಲೆ ಕಾಲಡಿಯ ಹಲಗೆ ಎತ್ತಿದೆ. ಯಾರೂ ಬಣ್ಣ ಬಳಿಯದ ಜಾಗದಲ್ಲೂ ಬಣ್ಣವಿತ್ತು! ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಮುಂದೆಲ್ಲ ಗಟ್ಟಿ ಸದ್ದು. ಹಿಂಬದಿಗೆ ಬರುತ್ತಾ ತಲೆದಿಂಬನ್ನು ಗುದ್ದಿದ ಹಾಗೆ. ತಳದ ದಿಮ್ಮಿಗೆ ದಬ್ಬಳ ಚುಚ್ಚಿದೆ. ಹಿಡಿಯವರೆಗೂ ಇಳಿಯಿತು. ಹೊರತೆಗೆದಾಗ ಅದರ ತುದಿಯಲ್ಲಿ ಕಪ್ಪು ನೀರು ತೊಟ್ಟಿಕ್ಕಿತು. ಮೇಲೆ ಥಳುಕು, ಒಳಗೆ ಹುಳುಕು ಅನ್ನುವುದನ್ನು ಬಾಯಿಮಾತಿಗೆ ಎಷ್ಟು ಸಲ ಆಡಿದ್ದೇನೋ, ಕೈಯಾರೆ ಮುಟ್ಟಿದ್ದು ಅಂದೇ.

ಭಾವ ಪಕ್ಕದಲ್ಲೇ ನಿಂತಿದ್ದರು. ಅಪ್ಪ ಅಮ್ಮ ಹೋದ ಮೇಲೆ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಕಿದವರು. ನಾನು ಕೇಳುವ ಮೊದಲೇ ಅವರು, "ತಮ್ಮ ಬಂದು ಸರಿ ಮಾಡ್ಕೋತಾನೆ ಅಂದ್ಕೊಂಡೆ. ವೆಲ್ಡಿಂಗ್ ಕಲ್ತಿದಾನಲ್ಲ" ಎಂದರು. ಮರಕ್ಕೆಂಥ ವೆಲ್ಡಿಂಗ್ ಭಾವ ಎಂದೆ. ಇಬ್ಬರಿಗೂ ನಗು ಬಂತು ನೋಡಿ. ನಗುತ್ತಲೇ ಅವರು ದೋಣಿಯ ಅಂಚಿಗೆ ಹಣೆ ಒತ್ತಿದರು. "ನಾನು ದಿನಾ ಇದರಲ್ಲೇ ಹೋಗ್ತಿಲ್ವೇನಮ್ಮಾ? ಈಗೀಗ ಹತ್ತೋಕೇ ಭಯ ಆಗುತ್ತೆ. ನಂಗಿನ್ನು ಆಗಲ್ಲ" ಎಂದರು. ನಮಗೆ ಬೇಡ ಭಾವ ಎಂದೆ. ಹೊರಡುವಾಗ ಕೈಮುಗಿದು, "ಬೇರೆ ಯಾರಿಗೂ ಹೇಳ್ಬೇಡ" ಎಂದರು. ಹಿರಿಯರು ನನಗೆ ಕೈಮುಗಿಯುವುದೇ? ಹೂಂ ಎಂದುಬಿಟ್ಟೆ.

ನಿನ್ನೆ ಬೆಳಿಗ್ಗೆ ಐಸ್ ಲಾರಿಯ ಡ್ರೈವರ್ ಅದೇ ದೋಣಿಯ ಪಕ್ಕ ಹೆಂಡತಿಯ ಜೊತೆ ನಿಂತಿದ್ದ. ಮದುವೆಯಾಗಿ ಆರು ತಿಂಗಳೂ ಆಗಿಲ್ಲ, ಲಾರಿ ಬಿಟ್ಟು ಮೀನುಗಾರಿಕೆಗೆ ಇಳಿಯುವ ಹುಚ್ಚು. ಅವನಿಗೆ ಈಜು ಬರುವುದಿಲ್ಲ. ಅವಳು ಬಣ್ಣವನ್ನು ಬೆರಳಿನಿಂದ ಸವರಿ ನಗುತ್ತಿದ್ದಳು. ಬಿಸಿ ತುಪ್ಪ ಬಾಯಿಗಿಟ್ಟ ಹಾಗಾಯಿತು, ನುಂಗಲಾರೆ, ಉಗುಳಲಾರೆ. ಕೊನೆಗೆ ಮಧ್ಯಾಹ್ನ ಐಸ್ ಕಾರ್ಖಾನೆಯ ಗೇಟಿಗೆ ಹೋಗಿ ಅವನನ್ನು ಪಕ್ಕಕ್ಕೆ ಕರೆದು, "ಹಿಂಬದಿಯ ಹಲಗೆ ಎತ್ತಿಸಿ ನೋಡು, ನನ್ನ ಹೆಸರು ಎತ್ತಬೇಡ" ಎಂದಷ್ಟೇ ಹೇಳಿದೆ. ಸಂಜೆಯೊಳಗೆ ವ್ಯಾಪಾರ ಮುರಿಯಿತು. ಇವತ್ತು ಭಾವ ನಮ್ಮ ಬಾಗಿಲ ಮುಂದೆಯೇ ಹಾದುಹೋದರು. ಮಗಳು ದೊಡ್ಡಪ್ಪಾ ಎಂದು ಕೂಗಿದರೂ ತಿರುಗಲಿಲ್ಲ.

ನಾನು ಮಾಡಿದ್ದು ತಪ್ಪಾ? ಅಣ್ಣನ ಮಾನ ಬೀದಿಗೆ ತಂದೆ ಎಂದು ಬೈಯುವುದಿದ್ದರೆ ಬೈದೇ ಬರೆಯಿರಿ, ಸುಮ್ಮನಿರಬೇಡಿ. ದೋಣಿ ಇವತ್ತಲ್ಲ ನಾಳೆ ಆಗುತ್ತದೆ. ಗಾಯಕ್ಕೆ ಮುಲಾಮು ಹಚ್ಚಿಕೊಳ್ಳಿ, ರಾತ್ರಿಪಾಳಿ ಇದ್ದ ದಿನ ಊಟ ತಪ್ಪಿಸಬೇಡಿ. ಮಗಳು ನಿಮಗೊಂದು ಮುತ್ತು ಕೊಟ್ಟಿದ್ದಾಳೆ, ಕಾಗದದ ಮೂಲೆ ಒದ್ದೆಯಾಗಿರುವುದು ಅದಕ್ಕೇ.

ನಿಮ್ಮ,
ಬಡಗಿಯ ಮಗಳು

ತಾ.ಕ.: ಗುರುವಾರ, ಮಧ್ಯಾಹ್ನ ಮೂರೂವರೆ ಗಂಟೆ. ಕಾಗದ ಅಂಟಿಸಿರಲಿಲ್ಲ. ಭಾವ ಇವತ್ತು ನಸುಕಿನಲ್ಲಿ ಒಬ್ಬರೇ ಅದೇ ದೋಣಿ ಇಳಿಸಿಕೊಂಡು ಹೋದರಂತೆ. ಹತ್ತಕ್ಕೆಲ್ಲ ಬಂದುಬಿಡುವವರು ಇನ್ನೂ ಬಂದಿಲ್ಲ. ಗಾಳಿಯಿಲ್ಲ, ಅಲೆಯಿಲ್ಲ, ಕಡಲು ಸುಮ್ಮನೆ ಬಿದ್ದಿದೆ. ಹುಡುಕಲು ಹೋದ ಎರಡು ದೋಣಿಗಳಲ್ಲಿ ಒಂದು ಮರಳಿತು; ತೇಲುತ್ತಿತ್ತೆಂದು ಅವರ ನೀರಿನ ಕ್ಯಾನ್ ಮಾತ್ರ ತಂದರು. ಸಿಕ್ಕ ಬಸ್ಸು ಹತ್ತಿ ಬನ್ನಿ. ಅಂಚೆಗೆ ಹಾಕುವ ಬದಲು ಇದನ್ನು ನಿಮ್ಮೂರಿನ ಕಡೆ ಹೊರಟ ಐಸ್ ಲಾರಿಯಲ್ಲೇ ಕಳಿಸುತ್ತಿದ್ದೇನೆ. ದಂಡೆಯಲ್ಲಿ ನಿಮ್ಮತ್ತಿಗೆ ಹನ್ನೊಂದು ಗಂಟೆಯಿಂದ ನನ್ನ ಕೈ ಬಿಟ್ಟಿಲ್ಲ, ಇಷ್ಟು ಬರೆಯಲಿಕ್ಕೂ ಬಿಡಿಸಿಕೊಂಡು ಬಂದೆ. "ಮಾರಾಟ ಆಗಿಹೋಗಿದ್ರೆ ಇವತ್ತು ಮನೇಲಿರ್ತಿದ್ರು, ಯಾವ ಪಾಪಿ ಬಾಯಿ ಹಾಕಿದ್ನೋ" ಎಂದು ನನ್ನ ಹೆಗಲಿಗೇ ಒರಗಿ ಅಳುತ್ತಿದ್ದರು.