ಅಚ್ಚಿನ ಕಾಗದದಲ್ಲಿ ಅಪ್ಪ

ರಾವಂದೂರು
೧೬-೧೧-೧೯೪೧

ಚಿ. ಸೌ. ಚೆಲುವಮ್ಮನಿಗೆ ನಿನ್ನ ತಂದೆ ತಿಮ್ಮಯ್ಯ ಮಾಡುವ ಆಶೀರ್ವಾದ.

ನಾವಿಲ್ಲಿ ಕ್ಷೇಮ. ಬಿಳಿಕೆರೆಯಲ್ಲಿ ನೀನು, ಅಳಿಯಂದಿರು, ಮಗು, ನಿನ್ನ ಅತ್ತೆ ಮಾವ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದಸರೆಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಜವಾಬು ಬರೆಯುತ್ತಿದ್ದೇನೆ, ಬೇಜಾರಾಗಬೇಡ. ರಾಗಿ ಕುಯ್ಲು ಅಂತ ನೆಪ ಹೇಳಬಹುದು. ನಿಜವೆಂದರೆ ಎಂಟು ದಿನದಿಂದ ಬರೆಯಲು ಕೂತು ಕೂತು ಎದ್ದಿದ್ದೇನೆ. ಇದನ್ನು ಅಳಿಯಂದಿರ ಕೈಲಿ ಓದಿಸಬೇಡ. ನಾಲ್ಕನೇ ಕ್ಲಾಸು ಓದಿದ್ದೀಯ, ಅಕ್ಷರ ಕೂಡಿಸಿಕೊಂಡು ನೀನೇ ಓದು.

ಮೈಸೂರಿನ ಮಂಗಳಗೌರಿ ಎಂಬ ಹೆಂಗಸು ನಿಮ್ಮ ಮನೆಗೆ ಬಂದು ಅರ್ಧ ದಿನ ಕೂತಿದ್ದರಂತೆ. ನಿನ್ನ ಕಾಗದದಲ್ಲಿ ಎಮ್ಮೆ ಕರು ಹಾಕಿದ್ದೂ ಇತ್ತು, ಇದೊಂದು ಇರಲಿಲ್ಲ. ಯಾಕೆ ಮುಚ್ಚಿಟ್ಟೆ? ನನ್ನ ವಿಷಯವಾಗಿ ಏನಾದರೂ ಹೇಳಿರಬೇಕು, ಅದಕ್ಕೇ ಬರೆದಿಲ್ಲ ಅಂತ ನನ್ನ ಮನಸ್ಸಿಗೆ ಬಂತು. ಬಂದ ಮೇಲೆ ಹೋಗಲಿಲ್ಲ.

ಆಕೆ ಹೋದ ವಾರ ನಮ್ಮೂರಿಗೂ ಬಂದರು. ಕೊಡೆ, ಕನ್ನಡಕ, ಒಂದು ಚರ್ಮದ ಚೀಲ. ಗಂಡ ಹೆಂಡಿರು ಹೇಗಿದ್ದಾರೆ, ತಂದೆಯಾದವನು ಮಕ್ಕಳನ್ನು ಹೇಗೆ ನೋಡಿಕೊಂಡ ಅಂತ ಮನೆಮನೆಯಲ್ಲಿ ಕೇಳಿ ಬರೆದುಕೊಳ್ಳುವುದು ಕೆಲಸವಂತೆ. ಅದಕ್ಕೆ ಅಚ್ಚು ಹಾಕಿಸಿದ ಕಾಗದ ಬೇರೆ. ಎಂದೂ ಇಲ್ಲ ಎಂದರೆ ಸೊನ್ನೆ, ಯಾವಾಗಲೂ ಎಂದರೆ ನಾಲ್ಕು ನಂಬರು. ಗದ್ದೆ ಅಳೆಯುವವರನ್ನು ನೋಡಿದ್ದೆ, ಸಂಸಾರ ಅಳೆಯುವವರನ್ನು ನೋಡಿರಲಿಲ್ಲ.

ಊರಲ್ಲಿ ಯಾರಿಗೂ ನಂಬಿಕೆ ಹುಟ್ಟಲಿಲ್ಲ. ಯುದ್ಧದ ಕಾಲ, ಹುಟ್ಟುವುದಾದರೂ ಹೇಗೆ? ಮಕ್ಕಳ ಮೇಲೆ ಅಕ್ಕರೆ ಇಲ್ಲದವರ ಪಟ್ಟಿ ಮಾಡಿ ಮೊದಲು ಅವರನ್ನು ದಂಡಿಗೆ ಕಳಿಸುತ್ತಾರೆ ಅಂತ ಲಿಂಗಯ್ಯ ಕಟ್ಟೆಯ ಮೇಲೆ ಕೂತು ಸುದ್ದಿ ಬಿಟ್ಟ. ಮಾರನೆಯ ದಿನ ಬೆಳಿಗ್ಗೆ ನೋಡಬೇಕಿತ್ತು. ಬೀದಿಯಲ್ಲಿ ಒಬ್ಬೊಬ್ಬ ಗಂಡಸಿನ ಸೊಂಟದ ಮೇಲೂ ಒಂದೊಂದು ಮಗು. ಮಕ್ಕಳು ಗಾಬರಿಬಿದ್ದು ಅಳುತ್ತಿದ್ದವು.

ನಮ್ಮ ಮನೆಯಲ್ಲಿ ಮೊದಲು ನಿಮ್ಮವ್ವನನ್ನು ಕೇಳಿದರು. ದಿನಕ್ಕೆ ಎಷ್ಟು ಹೊತ್ತು ಯಜಮಾನರ ಹತ್ತಿರ ಮಾತಾಡುತ್ತೀರಿ ಅಂತ. ನಿಮ್ಮವ್ವ ಬಾಗಿಲ ಮರೆಯಿಂದ, "ಅವ್ರು ಕೆಮ್ತಾರೆ, ನಾನು ನೀರ್ ತಂದು ಮಡಗ್ತೀನಿ" ಅಂದಳು. ಇದು ಮಾತೋ ಅಲ್ಲವೋ ಅಂತ ಆಯಮ್ಮ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತು, ಕೊನೆಗೆ ಎರಡು ನಂಬರು ಹಾಕಿದರು. ಇಪ್ಪತ್ತೆಂಟು ವರ್ಷದ ಸಂಸಾರಕ್ಕೆ ಎರಡು.

ಆಮೇಲೆ ನಾನು. ಲಗ್ನವಾಗಿ ಹೋದ ಹೆಣ್ಣುಮಕ್ಕಳನ್ನು ಮೊದಲು ಕೇಳಿ, ಆಮೇಲೆ ತಂದೆಯನ್ನು ಕೇಳಿ, ಎರಡೂ ತಾಳೆಯಾಗುತ್ತವೋ ನೋಡುವುದು ಅವರ ಪದ್ಧತಿಯಂತೆ. ನೀನು ಹೇಳಿದ್ದನ್ನು ತುಂಬಿಕೊಂಡಿದ್ದ ಅಚ್ಚಿನ ಕಾಗದ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆದರು. ಆಕೆ ನಕ್ಕು, ಎರಡು ತಾಲೂಕಿನಲ್ಲಿ ಯಾವ ಮಗಳೂ ತಂದೆಗೆ ಇಷ್ಟು ನಂಬರು ಕೊಟ್ಟಿಲ್ಲ ಅಂದರು. ನೀನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದರು, ಓದಿದರು: "ಅಪ್ಪ ನನ್ನ ಎಗಲ ಮ್ಯಾಲೆ ಕೂರಿಸ್ಕಂಡು ಚುಂಚನಕಟ್ಟೆ ಜಾತ್ರೆಗೆ ಕರ್ಕಂಡು ಓಗಿತ್ತು. ಅಪ್ಪ ತನ್ನ ತಣಿಗೇಲೇ ನಂಗೂ ಮುದ್ದೆ ಮುರ್ದು ಕೊಡ್ತಿತ್ತು."

ನನ್ನ ತಮ್ಮಂದಿರು ನನ್ನನ್ನು ಅಣ್ಣ ಅಂದರು. ಅವರ ಬಾಯಿ ಕೇಳಿ ಬೆಳೆದ ನೀನೂ ಅಣ್ಣ ಅಂದೆ. ನಿನ್ನ ಬಾಯಲ್ಲಿ ಅಪ್ಪ ಅಂದರೆ ನನ್ನ ಅಪ್ಪ, ನಿನ್ನ ತಾತ. ನಮ್ಮ ಮನೆಯ ಎಮ್ಮೆಗೂ ಗೊತ್ತಿರುವ ಈ ಸಂಗತಿ ಮೈಸೂರಿನ ಅಚ್ಚಿನ ಕಾಗದಕ್ಕೆ ಗೊತ್ತಿಲ್ಲ. ಮೇಲ್ಗಡೆ ತಂದೆ ತಿಮ್ಮಯ್ಯ ಅಂತ ಬರೆದು, ಕೆಳಗಡೆ ಪೂರ್ತಿ ಸತ್ತುಹೋದ ಅಪ್ಪನನ್ನು ತುಂಬಿದ್ದರು.

ನಾನು ತಿದ್ದಲಿಲ್ಲ. ಹೆಗಲ ಮೇಲೆ ಹೊತ್ತದ್ದು ಉಂಟೇ ಅಂದರು, ಉಂಟು ಅಂದೆ. ತಣಿಗೆಯಲ್ಲಿ ಊಟ ಹಾಕಿದ್ದು? ಉಂಟು. ಎಲ್ಲವೂ ತಾಳೆಯಾಯಿತು. ಒಳಗೆ ನಿಮ್ಮವ್ವನ ಒನಕೆ ನಿಂತುಹೋಯಿತು. ಮಧ್ಯಾಹ್ನ ಮುದ್ದೆ ಬಡಿಸುವಾಗ, ನಂಬರು ವಸಿ ಜಾಸ್ತಿಯಾಯಿತು ಅಂದಳು, ಅಷ್ಟೇ.

ಈಗ ನೀನು ಹೇಳು. ತಂದೆಯ ವಿಷಯ ಕೇಳುತ್ತಿದ್ದಾರೆಂದು ತಿಳಿಯದಷ್ಟು ನೀನು ಪೆದ್ದಿಯಲ್ಲ. ಬಾಯಿಗೆ ಬಂದ ಹಾಗೆ ಅಪ್ಪ ಅಂದೆಯೋ? ನನ್ನ ಮಾನ ಉಳಿಸಲು ಅಂದೆಯೋ? ಅಥವಾ ಅಣ್ಣ ಓದಿಸಿ ಕೇಳಿಕೊಳ್ಳಲಿ, ತನ್ನ ಹೆಸರಿನ ಕೆಳಗೆ ತಾನೇ ಇಲ್ಲದ್ದು ಗೊತ್ತಾಗಲಿ ಅಂತಲೋ? ಮೂರರಲ್ಲಿ ಯಾವುದು ಅಂತ ತಿಳಿಯದೆ ನನಗೆ ಊಟ ಸೇರುತ್ತಿಲ್ಲ.

ಹೆತ್ತ ಅಪ್ಪ ಜಗಲಿಯಲ್ಲಿ ಕೂತಿರುವಾಗ ಅವನ ಕಣ್ಣೆದುರಿಗೆ ತನ್ನ ಮಗುವನ್ನು ತಾನು ಎತ್ತಿಕೊಂಡರೆ ಗಂಡಸಿಗೆ ನಾಚಿಕೆಗೇಡು. ನಮ್ಮನ್ನು ಹಾಗೆ ಬೆಳೆಸಿದ್ದರು. ಹೊಲಕ್ಕೋ ಜಾತ್ರೆಗೋ ಹೋದಾಗಲಲ್ಲದೆ ಅಪ್ಪ ಹದಿನೆಂಟು ವರ್ಷ ಜಗಲಿ ಬಿಟ್ಟು ಕದಲಲಿಲ್ಲ. ಅವರು ಹೋಗುವ ಹೊತ್ತಿಗೆ ನಿನ್ನ ಲಗ್ನವಾಗಿತ್ತು. ನನಗೆ ಆಸೆ ಇರಲಿಲ್ಲ ಅಂತ ಮಾತ್ರ ತಿಳಿಯಬೇಡ. ಬೇಕಾದಷ್ಟಿತ್ತು.

ಅಳಿಯಂದಿರು ಮಗುವನ್ನು ಎತ್ತಿಕೊಳ್ಳುತ್ತಾರೆಯೇ? ನಿನ್ನ ಮಾವನವರು ನೋಡುತ್ತಿದ್ದರೂ ಎತ್ತಿಕೊಳ್ಳಲಿ. ನಾನು ಹೇಳಿದೆ ಅಂತ ಬೇಡ, ನೀನೇ ಹೇಳಿದ ಹಾಗೆ ಹೇಳು. ಕೂಸಿಗೆ ನನ್ನ ಮುತ್ತು. ನಿನ್ನ ಮಡಿಲು ತಣ್ಣಗಿರಲಿ, ಮನೆ ತುಂಬಿರಲಿ.

ಇತಿ,
ತಿಮ್ಮಯ್ಯ

ಮೇಲೆ ಬರೆಯದೆ ಬಿಟ್ಟದ್ದು: ಆ ಕಾಗದದ ಕೊನೆಗೆ, ಮಗುವಿಗೆ ಪೆಟ್ಟಾದಾಗ ತಂದೆ ಏನು ಮಾಡಿದರು ಅಂತ ಒಂದಿತ್ತು. ಅದಕ್ಕೆ ನೀನು, "ಜಗಲಿಯಿಂದ ಬಿದ್ದು ಗದ್ದ ಒಡದಾಗ ಅಪ್ಪನೇ ಎತ್ಕಂಡು ಓಡ್ತು. ಅಣ್ಣ ಅಲ್ಲೇ ಸುಮ್ಕೆ ನಿಂತಿತ್ತು" ಅಂದಿದ್ದೀಯ. ಈ ಅಣ್ಣ ಯಾರು, ನಿಮಗೆ ದೊಡ್ಡ ಮಗ ಇದ್ದಾನೆಯೇ ಅಂತ ಆಯಮ್ಮ ಕೇಳಿದರು. ಇದ್ದ, ಈಗಿಲ್ಲ ಅಂದೆ. ಪಾಪ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಗ ನಿನಗೆ ಎರಡು ವರ್ಷ. ನಿನಗೆ ನೆನಪಿಲ್ಲ, ನಿಮ್ಮವ್ವ ಹೇಳಿದ್ದನ್ನೇ ನೀನು ಹೇಳುತ್ತೀಯ. ಮಗುವನ್ನು ಒಂಟಿಯಾಗಿ ಬಿಟ್ಟಳೆಂದು ಅಪ್ಪ ಅವಳನ್ನು ಊರೆಲ್ಲ ಕೇಳುವ ಹಾಗೆ ಬೈದರು. ಅವಳು ಬೈಸಿಕೊಂಡಳು, ನಾನು ಬಾಯಿ ಬಿಡಲಿಲ್ಲ. ನೀನು ಜಗಲಿಯಿಂದ ಬೀಳಲಿಲ್ಲ ಚೆಲುವಿ. ಅಪ್ಪ ಹೊಲಕ್ಕೆ ಹೋಗಿದ್ದಾರೆಂದು ನಿನ್ನನ್ನು ಎತ್ತಿಕೊಂಡಿದ್ದೆ. ಹಿಂದೆ ಅವರ ಎಕ್ಕಡದ ಸದ್ದಾಯಿತು, ಕೈ ಬಿಟ್ಟುಬಿಟ್ಟೆ.