ಪಿಳ್ಳಪ್ಪನವರ ಸಹಿ ಏಕೆ ನಡೆಯುವುದಿಲ್ಲ?

ನರ್ಸಿಂಗ್ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ವಾರ್ಡಿನಲ್ಲಿ ಮಾಡಿದ ಕೆಲಸಕ್ಕೆ ಸಹಿ ಪಡೆಯುವ ನನ್ನ ಲಾಗ್‌ಬುಕ್ಕನ್ನು ನೀವು ತಿರಸ್ಕರಿಸಿದ್ದೀರಿ. ‘ಇಂಜೆಕ್ಷನ್ ಕೊಟ್ಟಿದ್ದನ್ನು ರೋಗಿಯೇ ದೃಢೀಕರಿಸುವಂತಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಸೋಮವಾರದ ಪ್ರಾಯೋಗಿಕ ಪರೀಕ್ಷೆಗೆ ನಾನು ಕೂರುವಂತಿಲ್ಲ ಎಂದಿದ್ದೀರಿ. ಚುಚ್ಚಿದ್ದು ನಿಜವೋ ಸುಳ್ಳೋ ಎಂಬುದು ಚುಚ್ಚಿಸಿಕೊಂಡವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ, ಮಾನ್ಯರೇ?

ಮೂರನೇ ವರ್ಷದ ಮೂವತ್ತೆರಡು ಜನರನ್ನು ‘ಅನುಭವ ಪಡೆಯಿರಿ’ ಎಂದು ಹರಸಿ ಕಂಟೋನ್ಮೆಂಟಿನ ಆಸ್ಪತ್ರೆಯೊಂದರ ವಾರ್ಡಿಗೆ ಕಳಿಸಿದಿರಿ. ಅಲ್ಲಿದ್ದ ರೋಗಿಗಳು ಏಳೇ ಏಳು. ನಮ್ಮ ದಂಡು ಕಂಡೊಡನೆ ಅವರಲ್ಲಿ ಆರು ಮಂದಿ ಮುಸುಕೆಳೆದು ಗೊರಕೆ ಹೊಡೆದರು. ಎಚ್ಚರವಿದ್ದು ಸಿಕ್ಕಿಬಿದ್ದವರು ಹಲಸೂರಿನಲ್ಲಿ ಹೂವು ಮಾರುವ, ಹರ್ನಿಯಾ ಆಪರೇಷನ್ ಆಗಿದ್ದ ಪಿಳ್ಳಪ್ಪನವರು. ಮೊದಲ ಬೆಳಿಗ್ಗೆಯೇ ಇಪ್ಪತ್ತಾರು ಜನ ಅವರ ಬಿಪಿ ನೋಡಿದೆವು. ಮೊದಲನೆಯವಳು ನೋಡಿದಾಗ ಸರಿಯಾಗಿದ್ದ ಬಿಪಿ ನನ್ನ ಸರದಿ ಬರುವಷ್ಟರಲ್ಲಿ ಏರಿ ಕೂತಿತ್ತು. ಡಾಕ್ಟರು ಗಾಬರಿಯಾಗಿ ಮಾತ್ರೆ ಬರೆದರು.

ನೀವು ನೇಮಿಸಿದ ಬೋಧಕರು ಕ್ಯಾಂಟೀನಿನಲ್ಲಿದ್ದರು. ಹಾಗಾಗಿ ಮೂರನೇ ದಿನಕ್ಕೆ ಪಿಳ್ಳಪ್ಪನವರೇ ನಮ್ಮ ಮೇಷ್ಟ್ರಾದರು. “ಬಿಪಿ ಪಟ್ಟಿ ಅಷ್ಟು ಬಿಗಿ ಕಟ್ಬೇಡಮ್ಮಾ, ನಾನೇನು ಓಡೋಗಲ್ಲ” ಎನ್ನುವರು. ನನ್ನ ಗೆಳತಿ ರುಕ್ಸಾರ್ ನಾಡಿ ಎಣಿಸುತ್ತಾ ಲೆಕ್ಕ ತಪ್ಪಿದರೆ, “ಹೂವು ಮೊಳ ಹಾಕ್ದಂಗೆ ನಿಧಾನಕ್ಕೆ ಎಣ್ಸು ತಾಯಿ” ಎನ್ನುವರು.

ಕೊನೆಯ ದಿನ ನನ್ನ ಮೊದಲ ಇಂಜೆಕ್ಷನ್. ಅಲ್ಲಿಯವರೆಗೆ ನಾನು ಚುಚ್ಚಿದ್ದು ಕಾಲೇಜಿನ ರಬ್ಬರ್ ಬೊಂಬೆಗೆ. ಅದು ಒಮ್ಮೆಯೂ ‘ಅಮ್ಮಾ’ ಎಂದಿರಲಿಲ್ಲ. ಎರಡು ವಾರ್ಡುಗಳ ನಡುವೆ ಒಬ್ಬರೇ ಓಡಾಡುತ್ತಿದ್ದ ಸಿಸ್ಟರ್ ಪಕ್ಕದಲ್ಲಿ ನಿಂತರು. ನಾನು ಪಿಳ್ಳಪ್ಪನವರ ತೋಳನ್ನು ಮೂರನೇ ಸಲ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆ.

“ಹೆದರ್ಕೋಬೇಡ ಬೃಂದಮ್ಮಾ. ನಾನ್ ಕಣ್ಮುಚ್ಕೊಂಡಿರ್ತೀನಿ. ನೀನ್ ಮಾತ್ರ ಕಣ್ಬಿಟ್ಕೊಂಡಿರು” ಎಂದರು ಪಿಳ್ಳಪ್ಪ.

ಕೊಟ್ಟೆ. “ಸರಿಯಾಗಿದೆ” ಎಂದ ಸಿಸ್ಟರ್, ಸಹಿ ಹಾಕುವ ಮೊದಲೇ ಇನ್ನೊಂದು ವಾರ್ಡಿನಿಂದ ಕರೆ ಬಂದು ಓಡಿದರು. ಕೆಳಗೆ ಕಾಲೇಜು ಬಸ್ಸು ಹಾರನ್ ಹೊಡೆಯುತ್ತಿತ್ತು. ನಾನು ಅಳುವುದನ್ನು ನೋಡಲಾರದೆ ಪಿಳ್ಳಪ್ಪನವರು “ತಾ ಇಲ್ಲಿ” ಎಂದು ಪುಸ್ತಕ ಕಿತ್ತುಕೊಂಡು, ಮೇಲ್ವಿಚಾರಕರ ಜಾಗದಲ್ಲಿ ದುಂಡಗೆ ಸಹಿ ಹಾಕಿದರು. ಪಕ್ಕದಲ್ಲಿ ‘ನೋವಾಗಲಿಲ್ಲ’ ಎಂದೂ ಬರೆದರು.

ವಾರ್ಡಿನ ಬಾಗಿಲನ್ನೂ ನೋಡದ ಬೋಧಕರು ಕಾಫಿ ಕುಡಿಯುತ್ತಾ ಉಳಿದ ಮೂವತ್ತೊಂದು ಪುಸ್ತಕಗಳಿಗೆ ಗೀಚಿದ ಸಹಿಗಳು ನಿಮಗೆ ಪವಿತ್ರ. ತೋಳೊಡ್ಡಿದವರ ಸಹಿ ಅಕ್ರಮ! ನ್ಯಾಯ ಎಂದರೆ ಇದೇ ಇರಬೇಕು.

ನನ್ನನ್ನು ಸೋಮವಾರ ಪರೀಕ್ಷೆಗೆ ಕೂರಿಸಿ. ಮುಂದಿನ ವರ್ಷದಿಂದ ವಾರ್ಡಿಗೆ ನಾಲ್ಕೇ ಜನರನ್ನು ಕಳಿಸಿ, ಜೊತೆಗೆ ಕಾಫಿ ಬಿಟ್ಟವರೊಬ್ಬರನ್ನೂ ಕಳಿಸಿ. ಸುಳ್ಳು ದಾಖಲೆಯನ್ನು ಸಹಿಸುವುದಿಲ್ಲ ಎನ್ನುವಿರಾದರೆ ಒಂದನ್ನು ಒಪ್ಪಿಕೊಳ್ಳುತ್ತೇನೆ. ಅಂದು ಪಿಳ್ಳಪ್ಪನವರ ಮುಚ್ಚಿದ ಕಣ್ಣಿನಿಂದ ನೀರು ಇಳಿದಿತ್ತು. ‘ನೋವಾಗಲಿಲ್ಲ’ ಎಂಬುದನ್ನು ಬೇಕಾದರೆ ಹೊಡೆದುಹಾಕಿ. ಸಹಿಯನ್ನು ಮುಟ್ಟಬೇಡಿ.

ಇಂತಿ,
ಕಣ್ಣು ಬಿಟ್ಟುಕೊಂಡೇ ಚುಚ್ಚಿದ,
ಬೃಂದಾ
ಕೃಷ್ಣರಾಜಪುರ